ಮನೆಯ ಕೋವಿ ಮತ್ತು ಕಾಡಿನ ಪ್ರಾಣಿ: ಊರಿನಲ್ಲಿ ಮನೆಯುಳ್ಳವರು ತಿಳಿದಿರಬೇಕಾದ ಸಂಗತಿಗಳು

ನಮ್ಮ ಅಬಿಡ್ಸ್‌ಗೆ ಆ ಹೆಸರು ಬಂದದ್ದು ಆಲ್ಬರ್ಟ್ ಅಬಿಡ್ ಎಂಬ ವರ್ತಕನಿಂದ. ಆತ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಖಾಸಾ ಸೇವಕನಾಗಿದ್ದವನು. 1869ರಿಂದ 1911ರವರೆಗೆ ಆಳಿದ ಆ ನಿಜಾಮರು ಹುಲಿಬೇಟೆಗೆ ಹೆಸರಾದವರು. ಪಕ್ಕದ ಗನ್‌ಫೌಂಡ್ರಿಯಾದರೋ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಫ್ರೆಂಚ್ ಸೇನಾನಿ ರೇಮಂಡ್ ಫಿರಂಗಿ ಎರಕ ಹೊಯ್ಯಿಸಿದ ಸ್ಥಳ. ಕೋವಿಯ ನೆನಪು ಹೊತ್ತ ಬೀದಿಗಳಲ್ಲಿ ನಾವು ದಿನವೂ ಓಡಾಡುತ್ತೇವೆ. ಆದರೆ ನಿಜವಾದ ಕೋವಿಯನ್ನು ನಾವಿಲ್ಲಿ ನೋಡುವುದು ಬ್ಯಾಂಕಿನ ಬಾಗಿಲಲ್ಲಿ ನಿಂತ ಕಾವಲುಗಾರನ ಹೆಗಲಿನಲ್ಲಿ ಮಾತ್ರ.

ಊರಿನ ಮಾತು ಬೇರೆ. ಕೊಡಗು, ಸಕಲೇಶಪುರ, ಮೂಡಿಗೆರೆ, ಶೃಂಗೇರಿ, ಸುಳ್ಯಗಳ ಕಡೆಯಿಂದ ಬಂದು ಹೈದರಾಬಾದಿನಲ್ಲಿ ನೆಲೆನಿಂತ ಅನೇಕ ಕುಟುಂಬಗಳ ಮೂಲ ಮನೆಯಲ್ಲಿ ಇಂದಿಗೂ ಒಂದು ಕೋವಿ ಇದೆ. ಅಜ್ಜ ಕೊಂಡದ್ದು, ತಂದೆ ಕಾಪಾಡಿದ್ದು. ಈಗ ಅದರ ಹೊಣೆ ಯಾರದು ಎಂಬುದು ಮಾತ್ರ ಸ್ಪಷ್ಟವಿಲ್ಲ. ತೋಟದ ಮನೆಯಲ್ಲಿ ವಯಸ್ಸಾದ ತಂದೆತಾಯಿಯರು ಇಬ್ಬರೇ ಇದ್ದಾರೆ, ರಾತ್ರಿ ಆನೆ ಅಂಗಳಕ್ಕೆ ಬರುತ್ತದೆ, ಕಾಡುಹಂದಿ ಬೆಳೆ ಹಾಳುಮಾಡುತ್ತದೆ, ಚಿರತೆ ನಾಯಿಯನ್ನು ಹೊತ್ತೊಯ್ಯುತ್ತದೆ. ಅಂಥ ಮನೆಯಲ್ಲಿ ಕೋವಿ ಇರಲಿ ಎನ್ನುವುದು ಸಹಜವಾದ ಮಾತೇ. ಆದರೆ ಕಾನೂನು ಇದಕ್ಕೆ ಎಷ್ಟು ಅವಕಾಶ ಕೊಟ್ಟಿದೆ, ಕೋವಿ ನಿಜಕ್ಕೂ ಎಷ್ಟು ರಕ್ಷಣೆ ಕೊಡುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ನೋಡುವುದು ಒಳ್ಳೆಯದು.

ಕೊಡಗಿನ ವಿಶೇಷ ವಿನಾಯಿತಿ

ಭಾರತದಲ್ಲಿ ಕೋವಿ ಇಟ್ಟುಕೊಳ್ಳಲು ಪರವಾನಗಿ ಬೇಕು. ಇದಕ್ಕೆ ಪ್ರಸಿದ್ಧವಾದ ಅಪವಾದವೆಂದರೆ ಕೊಡಗು. 1834ರಲ್ಲಿ ಕೊಡಗು ಬ್ರಿಟಿಷರ ವಶವಾಯಿತು. 1857ರ ದಂಗೆಯ ಬಳಿಕ ದೇಶದಲ್ಲಿ ಜನರ ಆಯುಧಗಳನ್ನು ಕಿತ್ತುಕೊಳ್ಳುವ ಕಾನೂನು ಬಂದಾಗ, ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರನ್ನು ಅದರಿಂದ ಹೊರಗಿಟ್ಟರು. ಸ್ವಾತಂತ್ರ್ಯಾನಂತರ 1959ರ ಆಯುಧ ಕಾಯಿದೆ ಬಂದ ಮೇಲೂ 1963ರ ಅಧಿಸೂಚನೆಯ ಮೂಲಕ ಆ ವಿನಾಯಿತಿ ಮುಂದುವರಿಯಿತು. ಇದು ದೊರೆಯುವುದು ಕೊಡವ ಜನಾಂಗದವರಿಗೆ ಮತ್ತು ಜಮ್ಮ ಭೂಮಿಯ ಹಿಡುವಳಿದಾರರಿಗೆ. ಜಮ್ಮ ಎಂದರೆ ಹಿಂದೆ ಸೈನಿಕ ಸೇವೆಗೆ ಪ್ರತಿಯಾಗಿ ಕಡಿಮೆ ಕಂದಾಯಕ್ಕೆ ವಂಶಪಾರಂಪರ್ಯವಾಗಿ ಕೊಟ್ಟ ಭೂಮಿ.

ಕೊಡವರಲ್ಲಿ ಕೋವಿ ಬರಿಯ ಆಯುಧವಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ಹೂವಿಟ್ಟು ಪೂಜೆ ಸಲ್ಲುತ್ತದೆ. ಗಂಡುಮಗು ಹುಟ್ಟಿದಾಗ ಒಂದು ಗುಂಡು, ಸಾವಿನ ಸುದ್ದಿ ತಿಳಿಸಲು ಎರಡು ಗುಂಡು ಹಾರಿಸುವ ಪದ್ಧತಿ ಇದೆ. ಜನಾಂಗ ಮತ್ತು ಭೂಮಿಯ ಆಧಾರದಲ್ಲಿ ಕೊಡುವ ಈ ವಿನಾಯಿತಿ ಸಮಾನತೆಗೆ ವಿರುದ್ಧವೆಂಬ ದೂರು ನ್ಯಾಯಾಲಯಕ್ಕೂ ಹೋಗಿತ್ತು. ಕೇಂದ್ರ ಸರಕಾರ 2019ರ ಅಕ್ಟೋಬರಿನಲ್ಲಿ ವಿನಾಯಿತಿಯನ್ನು 2029ರವರೆಗೆ ವಿಸ್ತರಿಸಿತು. ಕರ್ನಾಟಕ ಉಚ್ಚ ನ್ಯಾಯಾಲಯ 2021ರ ಸೆಪ್ಟೆಂಬರಿನಲ್ಲಿ ಅದನ್ನು ಎತ್ತಿಹಿಡಿಯಿತು. ಇದು ಕಾಲಮಿತಿಯುಳ್ಳ ವಿನಾಯಿತಿ ಎಂಬುದನ್ನು ಆ ಕಡೆಯ ಕುಟುಂಬಗಳು ಗಮನದಲ್ಲಿಡಬೇಕು.

ಉಳಿದವರಿಗೆ ಇರುವ ದಾರಿ

ಮಲೆನಾಡಿನ ಇತರ ಕೃಷಿಕರೂ ಕೋವಿಯಿಂದ ವಂಚಿತರಲ್ಲ. ಆಯುಧ ಕಾಯಿದೆಯ 13ನೆಯ ಕಲಮಿನಲ್ಲಿ ಬೆಳೆ ರಕ್ಷಣೆಯ ಪ್ರಸ್ತಾಪ ಸ್ಪಷ್ಟವಾಗಿಯೇ ಇದೆ. ಪ್ರಾಮಾಣಿಕವಾಗಿ ಬೆಳೆ ಕಾಯಲು ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಗೆ ಪರವಾನಗಿ ಕೊಡಬಹುದು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ತೋಟಾ ಹಾಕುವ ಕೋವಿಗೂ ಅನುಮತಿ ನೀಡಬಹುದು. ಆತ್ಮರಕ್ಷಣೆಗಾಗಿ ಕೇಳುವವರಿಗೆ ಕನಿಷ್ಠ 20 ಅಂಗುಲದ ನಳಿಗೆಯುಳ್ಳ ಕೋವಿಯ ಅವಕಾಶವಿದೆ. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು; ಪೊಲೀಸ್ ವರದಿ ಬರಬೇಕು. 2019ರ ತಿದ್ದುಪಡಿಯಂತೆ ಪರವಾನಗಿಯ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ. ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ.

ಅಭಯಾರಣ್ಯದ ಹತ್ತಿರವಿರುವವರಿಗೆ ಇನ್ನೂ ಒಂದು ನಿಯಮವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 34ನೆಯ ಕಲಮಿನ ಪ್ರಕಾರ ಅಭಯಾರಣ್ಯದ ಒಳಗೆ ಅಥವಾ ಅದರಿಂದ 10 ಕಿಲೋಮೀಟರ್ ಒಳಗೆ ವಾಸಿಸುವವರು ತಮ್ಮಲ್ಲಿರುವ ಕೋವಿಯನ್ನು ಅರಣ್ಯ ಇಲಾಖೆಯಲ್ಲಿ ನೋಂದಾಯಿಸಬೇಕು. ಪರವಾನಗಿಯಿಂದ ವಿನಾಯಿತಿ ಪಡೆದವರಿಗೂ ಇದು ಅನ್ವಯಿಸುತ್ತದೆ. ಆ ವ್ಯಾಪ್ತಿಯಲ್ಲಿ ಹೊಸ ಪರವಾನಗಿ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲೇ ಬೇಕು. ನಾಗರಹೊಳೆ, ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿಗಳ ಅಂಚಿನಲ್ಲಿ ತೋಟವುಳ್ಳವರು ಇದನ್ನು ಮರೆಯುವಂತಿಲ್ಲ.

ಯಾವಾಗ ಗುಂಡು ಹಾರಿಸಬಹುದು?

ಕೋವಿ ಇರುವುದಕ್ಕೆ ಅನುಮತಿ ಒಂದು. ಅದನ್ನು ಪ್ರಾಣಿಯ ಮೇಲೆ ಪ್ರಯೋಗಿಸುವ ಅನುಮತಿ ಇನ್ನೊಂದು. ಜನರು ಇವೆರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಹೆಚ್ಚಿನ ತೊಂದರೆಗಳು ಹುಟ್ಟುತ್ತವೆ. ಬೆಳೆ ರಕ್ಷಣೆಯ ಪರವಾನಗಿ ಬೇಟೆಯ ಪರವಾನಗಿಯಲ್ಲ.

ವನ್ಯಜೀವಿ ಕಾಯಿದೆಯ 11ನೆಯ ಕಲಮು ಈ ವಿಷಯದಲ್ಲಿ ಮುಖ್ಯವಾದುದು. ತನ್ನ ಅಥವಾ ಮತ್ತೊಬ್ಬರ ಪ್ರಾಣ ಉಳಿಸಿಕೊಳ್ಳಲು ಸದುದ್ದೇಶದಿಂದ ಪ್ರಾಣಿಯನ್ನು ಕೊಂದರೆ ಅಥವಾ ಗಾಯಗೊಳಿಸಿದರೆ ಅದು ಅಪರಾಧವಲ್ಲವೆಂದು ಅದು ಹೇಳುತ್ತದೆ. ಆದರೆ ಆ ಹೊತ್ತಿನಲ್ಲಿ ವ್ಯಕ್ತಿ ಕಾಯಿದೆಯನ್ನು ಮೀರುವ ಕೆಲಸದಲ್ಲಿ ತೊಡಗಿರಬಾರದು. ಉರುಳು ಒಡ್ಡಲು ಕಾಡಿಗೆ ಹೋದವನು ಕರಡಿ ಮೈಮೇಲೆ ಬಂತೆಂದು ಈ ಕಲಮಿನ ಆಶ್ರಯ ಪಡೆಯಲಾರ. ಹಾಗೆ ಸತ್ತ ಪ್ರಾಣಿಯೂ ಸರಕಾರದ ಸ್ವತ್ತು; ಅದರ ಮಾಂಸವನ್ನಾಗಲಿ, ಚರ್ಮವನ್ನಾಗಲಿ, ದಂತವನ್ನಾಗಲಿ ಮುಟ್ಟುವಂತಿಲ್ಲ.

ಈ ರಕ್ಷಣೆ ಮನುಷ್ಯನ ಪ್ರಾಣಕ್ಕೆ ಸಂಬಂಧಿಸಿದ್ದು. ಬಾಳೆ, ಭತ್ತ, ಕಾಫಿ ಗಿಡ, ಕೊಟ್ಟಿಗೆಯ ಕರು ಇವುಗಳಿಗಾಗಿ ಮನೆಯವರು ತಾವೇ ನಿರ್ಧರಿಸಿ ಗುಂಡು ಹಾರಿಸಲು ಅದು ಆಸ್ಪದ ಕೊಡುವುದಿಲ್ಲ. ಆನೆ, ಹುಲಿ, ಚಿರತೆ, ಕರಡಿ, ಕಾಟಿಗಳು ಮೊದಲನೆಯ ಅನುಸೂಚಿಯಲ್ಲಿವೆ. ಅವು ಮನುಷ್ಯರಿಗೆ ಅಪಾಯಕಾರಿಯಾದರೂ ಕೊಲ್ಲುವ ಆದೇಶ ಬರಬೇಕಾದದ್ದು ಮುಖ್ಯ ವನ್ಯಜೀವಿ ಪರಿಪಾಲಕರಿಂದ. ಹಿಡಿಯಲು, ಅರಿವಳಿಕೆ ನೀಡಲು, ಸ್ಥಳಾಂತರಿಸಲು ಸಾಧ್ಯವಿಲ್ಲವೆಂದು ಖಚಿತವಾಗದೆ ಕೊಲ್ಲಲು ಆದೇಶಿಸುವಂತಿಲ್ಲ. 2022ರ ತಿದ್ದುಪಡಿಯ ನಂತರ ಎರಡನೆಯ ಅನುಸೂಚಿಯಲ್ಲಿರುವ ಕಾಡುಹಂದಿಯ ವಿಷಯದಲ್ಲಿ ನಿಯಮ ಕೊಂಚ ಸಡಿಲ. ನಿಂತ ಬೆಳೆಗೆ ಹಾನಿಯಾದರೂ ಅಧಿಕಾರಿ ಲಿಖಿತ ಅನುಮತಿ ಕೊಡಬಹುದು. ಕೇರಳ ಸರಕಾರ 2022ರಲ್ಲಿ ಈ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ವಹಿಸಿತು. ಬಿಹಾರದಲ್ಲಿ ನೀಲಗಾಯ್‌ಗಳನ್ನು ಕೇಂದ್ರವು ಉಪದ್ರವಕಾರಿ ಪ್ರಾಣಿಗಳೆಂದು ಘೋಷಿಸಿದ ಮೇಲೆ, 2016ರಲ್ಲಿ ಮೊಕಾಮಾ ಬಯಲಿನಲ್ಲಿ 200ಕ್ಕೂ ಹೆಚ್ಚು ನೀಲಗಾಯ್‌ಗಳನ್ನು ಕೊಂದವರು ನಮ್ಮ ಹೈದರಾಬಾದಿನಿಂದ ಕರೆಸಿದ ಬೇಟೆಗಾರರೇ. ಅದು ದೇಶದಲ್ಲಿ ದೊಡ್ಡ ವಾದಕ್ಕೆ ಎಡೆಮಾಡಿತು. ಎಲ್ಲ ಕಡೆಯೂ ತತ್ತ್ವ ಒಂದೇ: ನಿರ್ಧಾರ ಸರಕಾರದ್ದು, ಕೋವಿಯ ಮಾಲೀಕನದ್ದಲ್ಲ.

ಕೋವಿ ಎಷ್ಟು ಕಾಯುತ್ತದೆ?

2023ರ ಗಣತಿಯಂತೆ ಕರ್ನಾಟಕದಲ್ಲಿ 6,395 ಆನೆಗಳಿವೆ. ಬೇರೆ ಯಾವ ರಾಜ್ಯದಲ್ಲಿಯೂ ಇಷ್ಟಿಲ್ಲ. 2022ರ ಎಣಿಕೆಯಲ್ಲಿ 563 ಹುಲಿಗಳಿದ್ದು ರಾಜ್ಯವು ಮಧ್ಯಪ್ರದೇಶದ ನಂತರದ ಸ್ಥಾನದಲ್ಲಿದೆ. ಕೊಡಗು, ಹಾಸನಗಳ ಕಾಫಿ ತೋಟದಲ್ಲಿ ನೆರಳಿದೆ, ನೀರಿದೆ, ಹಲಸು ಬಾಳೆಗಳಿವೆ. ಹೀಗಾಗಿ ಆನೆಗಳು ಅಲ್ಲಿ ಬಂದು ಹೋಗುವ ಅತಿಥಿಗಳಾಗಿ ಉಳಿದಿಲ್ಲ.

ಈ ಆನೆಯ ಎದುರು ನಮ್ಮ ಮನೆಗಳಲ್ಲಿರುವ ಹನ್ನೆರಡು ಬೋರಿನ ಕೋವಿ ಏನು ಮಾಡಬಲ್ಲುದು? ಚರೆ ತುಂಬಿದ ತೋಟಾ ಹಕ್ಕಿಗಳಿಗಾಗಿ, ಸಣ್ಣ ಪ್ರಾಣಿಗಳಿಗಾಗಿ ಆದದ್ದು. ಅದು ಆನೆಯನ್ನು ನಿಲ್ಲಿಸುವುದಿಲ್ಲ, ಗಾಯಗೊಳಿಸುತ್ತದೆ. ಗಾಯಗೊಂಡ ಆನೆ ಕೀವು ತುಂಬಿದ ನೋವಿನೊಂದಿಗೆ ಅದೇ ತೋಟಗಳಲ್ಲಿ ಅಲೆಯುತ್ತದೆ. ಮರುದಿನ ಮುಂಜಾನೆ ಅದರ ಎದುರಿಗೆ ಸಿಗುವವರು ಗುಂಡು ಹಾರಿಸಿದವರಲ್ಲ, ಕೆಲಸಕ್ಕೆ ಹೊರಟ ಕಾರ್ಮಿಕರು.

ಸಾವುಗಳು ಎಲ್ಲಿ ಆಗುತ್ತವೆ ಎಂಬುದನ್ನೂ ನೋಡಬೇಕು. 2023ರ ಫೆಬ್ರುವರಿಯಲ್ಲಿ ಕಡಬ ತಾಲೂಕಿನಲ್ಲಿ ಬೆಳಿಗ್ಗೆ ಹಾಲಿನ ಸೊಸೈಟಿಯ ಕೆಲಸಕ್ಕೆ ಹೊರಟ ಯುವತಿಯನ್ನು ಆನೆ ಬಲಿ ತೆಗೆದುಕೊಂಡಿತು. ಕೂಗು ಕೇಳಿ ನೆರವಿಗೆ ಧಾವಿಸಿದ ನೆರೆಯವರೂ ಪ್ರಾಣ ಕಳೆದುಕೊಂಡರು. ಅದು ಮನೆಯೊಳಗೆ ನಡೆದದ್ದಲ್ಲ, ದಾರಿಯಲ್ಲಿ. ಗೋಡೆಯ ಮೇಲೆ ಎಷ್ಟು ಒಳ್ಳೆಯ ಕೋವಿ ಇದ್ದರೂ ಅಂಥ ಗಳಿಗೆಯಲ್ಲಿ ಅದು ಕೈಗೆ ಬರುವುದಿಲ್ಲ. ಅದೇ ವರ್ಷ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರು ಬಳಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ದಸರಾ ಅಂಬಾರಿ ಹೊತ್ತ ಅರ್ಜುನನೇ ಮಡಿದ. ನುರಿತ ಮಾವುತರು, ವೈದ್ಯರು, ಸಾಕಾನೆಗಳಿದ್ದ ಕಡೆಯೇ ಹೀಗಾದರೆ ನಡುರಾತ್ರಿ ಟಾರ್ಚು ಹಿಡಿದ ಎಪ್ಪತ್ತರ ಹಿರಿಯರಿಂದ ಏನನ್ನು ನಿರೀಕ್ಷಿಸೋಣ?

ಹಾಗೆಂದು ಕೋವಿ ಪೂರ್ತಿ ನಿರುಪಯೋಗಿಯೂ ಅಲ್ಲ. ಆಕಾಶಕ್ಕೆ ಹಾರಿಸಿದ ಈಡಿನ ಸದ್ದಿಗೆ ಹಂದಿ, ಮಂಗಗಳ ಹಿಂಡು ಚದರುತ್ತದೆ. ಒಂಟಿಮನೆಯವರಿಗೆ ಅದು ಧೈರ್ಯ ಕೊಡುತ್ತದೆ. ಆ ಧೈರ್ಯವನ್ನು ನಗರದಲ್ಲಿ ಕುಳಿತು ಹಗುರವಾಗಿ ಕಾಣಬಾರದು. ಆದರೆ ಪ್ರಾಣ ಉಳಿಸುವ ಮೊದಲ ಸಾಲಿನ ಕ್ರಮಗಳು ಬೇರೆ: ಅಂಗಳದಲ್ಲಿ ಒಳ್ಳೆಯ ಬೆಳಕು, ಶೌಚಾಲಯ ಮನೆಯೊಳಗೇ ಇರುವುದು, ಹಣ್ಣಾದ ಹಲಸನ್ನು ಮನೆಯ ಹತ್ತಿರ ಬಿಡದಿರುವುದು, ಸೌರ ಬೇಲಿಯ ನಿರ್ವಹಣೆ, ಮುಂಜಾನೆ ಮತ್ತು ಮುಸ್ಸಂಜೆ ಒಬ್ಬರೇ ನಡೆದುಹೋಗದಿರುವುದು, ಆನೆಯ ಸುಳಿವು ಸಿಕ್ಕ ಕೂಡಲೇ ಅರಣ್ಯ ಇಲಾಖೆಯ ಆನೆ ಕಾರ್ಯಪಡೆಗೆ ತಿಳಿಸುವುದು.

ನಗರದಲ್ಲಿರುವ ವಾರಸುದಾರರಿಗೆ

ಬ್ಯಾಂಕಿನಲ್ಲಿ ಕೆಲಸ ಮಾಡುವ ನನಗೆ ಪರಿಚಿತರು ಕೇಳುವ ಪ್ರಶ್ನೆಗಳಲ್ಲಿ ಒಂದು, ಊರಿನ ಕೋವಿಯನ್ನು ಲಾಕರಿನಲ್ಲಿ ಇಡಬಹುದೇ ಎಂಬುದು. ಇಡಬಾರದು, ಆಯುಧ ಮತ್ತು ಸ್ಫೋಟಕಗಳಿಗೆ ಲಾಕರಿನಲ್ಲಿ ಅವಕಾಶವಿಲ್ಲ. ಎರಡನೆಯದು, ತಂದೆಯ ನಂತರ ಕೋವಿ ಮಗನಿಗೆ ತಾನಾಗಿಯೇ ಬರುತ್ತದೆಯೇ ಎಂಬುದು. ಠೇವಣಿಗೆ ನಾಮನಿರ್ದೇಶನ ಮಾಡಿದ ಹಾಗೆ ಇದು ನಡೆಯುವುದಿಲ್ಲ. ಪರವಾನಗಿ ವ್ಯಕ್ತಿಗೆ ಕೊಟ್ಟದ್ದು. ಪರವಾನಗಿದಾರರು ತೀರಿಕೊಂಡರೆ ಕೋವಿಯನ್ನು ತಡಮಾಡದೆ ಪೊಲೀಸ್ ಠಾಣೆಯಲ್ಲಿ ಅಥವಾ ಅಧಿಕೃತ ಆಯುಧ ವ್ಯಾಪಾರಿಯಲ್ಲಿ ಠೇವಣಿ ಇಟ್ಟು ರಸೀದಿ ಪಡೆಯಬೇಕು. ಬಳಿಕ ವಾರಸುದಾರರು ತಮ್ಮ ಹೆಸರಿನಲ್ಲಿ ಅರ್ಜಿ ಹಾಕಬಹುದು. 2016ರ ಆಯುಧ ನಿಯಮಗಳಂತೆ ಪರವಾನಗಿದಾರರಿಗೆ 70 ವರ್ಷ ತುಂಬಿದಾಗ ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದಾಗ, ಅವರು ಬದುಕಿರುವಾಗಲೇ ವಾರಸುದಾರರಿಗೆ ಪರವಾನಗಿ ಪಡೆಯುವ ಅವಕಾಶವೂ ಇದೆ. ಇದು ಬಹಳ ಮಂದಿಗೆ ತಿಳಿಯದು.

ತಂದೆ ಹೋದ ಮೇಲೆ ತಾಯಿಯೊಬ್ಬರೇ ಇರುವ ಮನೆಯಲ್ಲಿ ಕೋವಿ ಬೀರುವಿನಲ್ಲಿಯೇ ಉಳಿದರೆ, ಕಾನೂನಿನ ಕಣ್ಣಿನಲ್ಲಿ ಅದು ಪರವಾನಗಿಯಿಲ್ಲದ ಆಯುಧ. 2019ರ ತಿದ್ದುಪಡಿಯ ನಂತರ ಇದಕ್ಕೆ ಕನಿಷ್ಠ ಶಿಕ್ಷೆ ಎರಡು ವರ್ಷ. ಯಾವ ದುರುದ್ದೇಶವೂ ಇಲ್ಲದೆ, ಕೇವಲ ಉದಾಸೀನದಿಂದ ಹಿರಿಯರನ್ನು ಇಂಥ ತೊಡಕಿಗೆ ನೂಕುವುದು ಸರಿಯಲ್ಲ.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಊರಿನ ಮನೆಯಲ್ಲಿ ವಾಸವಾಗಿದ್ದು, ಕೋವಿಯನ್ನು ಬಲ್ಲ, ಆರೋಗ್ಯವಂತರಾದವರು ಇದ್ದರೆ ಪರವಾನಗಿ ಅವರ ಹೆಸರಿನಲ್ಲಿರಲಿ. ಕೋವಿಯೂ ತೋಟಾಗಳೂ ಬೇರೆಬೇರೆ ಬೀಗದೊಳಗಿರಲಿ, ಮಕ್ಕಳ ಕೈಗೆ ಸಿಗದಿರಲಿ. ಅಂಥವರಿಲ್ಲದ ಮನೆಯಲ್ಲಿ, ಎಷ್ಟೇ ಅಭಿಮಾನದ ವಸ್ತುವಾದರೂ, ಅದನ್ನು ಒಪ್ಪಿಸಿಬಿಡುವುದು ಲೇಸು. ಮುಂದಿನ ಬಾರಿ ಊರಿಗೆ ಹೋದಾಗ ಪರವಾನಗಿ ಪುಸ್ತಕದಲ್ಲಿ ಮೂರು ಸಂಗತಿ ನೋಡಿ: ಯಾರ ಹೆಸರಿದೆ, ಅವಧಿ ಎಂದು ಮುಗಿಯುತ್ತದೆ, ಕೋವಿಯ ಸಂಖ್ಯೆ ಪುಸ್ತಕದೊಂದಿಗೆ ತಾಳೆಯಾಗುತ್ತದೆಯೇ. ಹತ್ತು ನಿಮಿಷದ ಕೆಲಸ. ಅಪ್ಪ ಅಮ್ಮ ಹತ್ತಿರ ಇರುವಾಗಲೇ ಮಾಡಿ ಮುಗಿಸಿ.