ಹಳೆಯ ಮೋಟಾರಿನ ನ್ಯಾಯವಾದ ಬೆಲೆ

ನಮ್ಮ ಕಡೆಯ ರೈತರು ಎತ್ತು ಕೊಳ್ಳಲು ಸಂತೆಗೆ ಹೋದರೆ ಮೊದಲು ಅದರ ಬಾಯಿ ತೆರೆಯಿಸಿ ಹಲ್ಲು ನೋಡುತ್ತಾರೆ. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿಗೂಡಿದ್ದೋ ಎಂಬುದರಿಂದ ಅದರ ವಯಸ್ಸು ತಿಳಿಯುತ್ತದೆ. ಆಮೇಲೆ ಗೊರಸು ನೋಡುತ್ತಾರೆ, ಹೆಗಲು ಮುಟ್ಟಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಇಷ್ಟೆಲ್ಲ ಆದ ಮೇಲೆಯೇ ದಲಾಲಿಯು ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುವದು. ಎತ್ತಿನ ವಿಷಯದಲ್ಲಿ ಇಷ್ಟು ಜಾಣರಾದ ನಾವೇ ಹಳೆಯ ಕಾರು ಕೊಳ್ಳಲು ಹೋದಾಗ ಮಾತ್ರ ಮೇಲಿನ ಬಣ್ಣದ ಹೊಳಪಿಗೆ ಮರುಳಾಗಿ, ಮಾರುವವನು ಹೇಳಿದ ಬೆಲೆಯಲ್ಲಿ ಹತ್ತು ಸಾವಿರ ಕಡಿಮೆ ಮಾಡಿಸಿದರೆ ದೊಡ್ಡ ಲಾಭವಾಯಿತೆಂದು ಹಿಗ್ಗುತ್ತ ಮನೆಗೆ ಬರುತ್ತೇವೆ. ಹಳೆಯ ಕಾರಿನ ನ್ಯಾಯವಾದ ಬೆಲೆಯನ್ನು ಗೊತ್ತುಮಾಡುವದು ಹೇಗೆ ಎಂಬುದನ್ನು ನನ್ನ ಅನುಭವದಿಂದ ವಿವರಿಸುವದೇ ಈ ಲೇಖನದ ಉದ್ದೇಶ.

ಈ ವಿಷಯಕ್ಕೆ ನನ್ನ ಮನಸ್ಸು ತಿರುಗಿದ್ದು ಸುಖದಿಂದಲ್ಲ. 2016ರಲ್ಲಿ ಗಂಗಾವತಿ ತಾಲೂಕಿನಲ್ಲಿರುವ ನನ್ನ ಚಿಕ್ಕಪ್ಪ ಭತ್ತ ಮಾರಿದ ಹಣದಲ್ಲಿ 1,40,000 ರೂಪಾಯಿ ಕೊಟ್ಟು ಒಂದು ಹಳೆಯ ಕಾರು ಕೊಂಡರು. ಮನೆಯಲ್ಲಿ ಮದುವೆ ಇತ್ತು. ಕಾರಿನ ಗರಜು ಬಹಳವಾಗಿತ್ತು. ಮಾರುವವನಿಗೂ ಅದು ಗೊತ್ತಾಗಿತ್ತು. ಮೂರು ತಿಂಗಳಿಗೆ ಇಂಜಿನ್ ಕೈಕೊಟ್ಟಿತು. ದುರಸ್ತಿಯ ಖರ್ಚು ಕಾರಿನ ಬೆಲೆಯ ಅರ್ಧಕ್ಕಿಂತ ಹೆಚ್ಚೆಂದು ತಿಳಿದು ಕೊನೆಗೆ ಅದನ್ನು ಗುಜರಿಗೆ ಹಾಕಿದರು. ಆ ವರ್ಷ ತಮ್ಮನ ಹಾಸ್ಟೆಲಿನ ಹಣ ಕಟ್ಟಲು ಸಾಲ ಮಾಡಬೇಕಾಯಿತು. “ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ” ಎಂಬ ಗಾದೆಯ ಅರ್ಥ ನನಗೆ ಆಗ ಚೆನ್ನಾಗಿ ಆಯಿತು.

2023ರಲ್ಲಿ ನಮ್ಮ ಮನೆಗೇ ಕಾರು ಬೇಕಾಯಿತು. ತಾಯಿಯವರನ್ನು ತಿಂಗಳಿಗೊಮ್ಮೆ ಕೊಪ್ಪಳದಿಂದ ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ಯಬೇಕಾಗಿತ್ತು. ಬಸ್ಸಿನಲ್ಲಿ ಕುಳಿತುಕೊಳ್ಳುವ ಶಕ್ತಿ ಅವರಿಗಿರಲಿಲ್ಲ. ತಂದೆಯವರು ಚಿಕ್ಕಪ್ಪನ ಸ್ಥಿತಿಯನ್ನು ನೆನೆದು ಹಿಂಜರಿದರು. “ನೀನು ಅರ್ಥಶಾಸ್ತ್ರ ಓದುತ್ತಿ; ಲೆಕ್ಕ ಹಾಕಿ ತೋರಿಸು, ಆಮೇಲೆ ನೋಡೋಣ” ಎಂದರು.

ಅರ್ಥಶಾಸ್ತ್ರದಲ್ಲಿ ಹಳೆಯ ಕಾರಿಗೆ ಒಂದು ಮುಖ್ಯ ಸ್ಥಾನವುಂಟು ಎಂಬುದನ್ನು ನಮ್ಮ ಅಧ್ಯಾಪಕರು ತರಗತಿಯಲ್ಲಿ ಹೇಳಿದ್ದರು. ಅಮೇರಿಕೆಯ ಜಾರ್ಜ್ ಅಕರ್ಲಾಫ್ ಎಂಬ ಪಂಡಿತರು 1970ರಲ್ಲಿ ಹಳೆಯ ಕಾರುಗಳ ಪೇಟೆಯನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದರು. ಅದಕ್ಕೆ ಮೊದಲು ಕೆಲವು ಪತ್ರಿಕೆಗಳು ಅದನ್ನು ಹಿಂದಿರುಗಿಸಿದ್ದವು. ಆದರೆ 2001ರಲ್ಲಿ ಅವರಿಗೆ ಇನ್ನಿಬ್ಬರ ಸಂಗಡ ನೊಬೆಲ್ ಪಾರಿತೋಷಕ ದೊರೆಯಿತು. ಅವರ ವಾದದ ತಿರುಳು ಸರಳವಾಗಿದೆ. ಮಾರುವವನಿಗೆ ತನ್ನ ಕಾರಿನ ಗುಣ-ದೋಷ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಪೇಟೆಯಲ್ಲಿ ಅರ್ಧ ಕಾರುಗಳು ಲಕ್ಷ ರೂಪಾಯಿ ಬಾಳುವಂಥವು, ಅರ್ಧ ಐವತ್ತು ಸಾವಿರ ಬಾಳುವಂಥವು ಎಂದಿಟ್ಟುಕೊಳ್ಳಿರಿ. ಯಾವುದು ಎಂಥದೆಂದು ತಿಳಿಯದ ಗಿರಾಕಿಯು ನಡುವಿನ ಎಪ್ಪತ್ತೈದು ಸಾವಿರಕ್ಕಿಂತ ಹೆಚ್ಚು ಕೊಡಲಾರ. ಆ ಬೆಲೆಗೆ ಒಳ್ಳೆಯ ಕಾರಿನ ಒಡೆಯನು ಮಾರಲೊಲ್ಲ. ಅವನು ಪೇಟೆ ಬಿಟ್ಟು ಹೋಗುತ್ತಾನೆ. ಉಳಿಯುವವು ಕೆಟ್ಟ ಕಾರುಗಳೇ. ಇದು ಗಿರಾಕಿಗಳಿಗೆ ತಿಳಿದಂತೆಲ್ಲ ಬೆಲೆ ಇನ್ನೂ ಕುಸಿಯುತ್ತದೆ. ಒಟ್ಟಿನಲ್ಲಿ, ಮುಚ್ಚಿಟ್ಟ ದೋಷವು ಒಬ್ಬ ಗಿರಾಕಿಯನ್ನಷ್ಟೇ ಅಲ್ಲ, ಪ್ರಾಮಾಣಿಕನಾದ ಮಾರಾಟಗಾರನನ್ನೂ ಕೆಡಿಸುತ್ತದೆ. ಆದಕಾರಣ ನ್ಯಾಯವಾದ ಬೆಲೆಯನ್ನು ಹುಡುಕುವದೆಂದರೆ ಬಹುಮಟ್ಟಿಗೆ ತಿಳಿವಳಿಕೆಯ ಈ ಅಂತರವನ್ನು ಕಡಿಮೆ ಮಾಡುವದೇ ಆಗಿದೆ.

ಮೊದಲನೆಯದಾಗಿ, ನಮಗೆ ಆ ಕಾರು ಎಷ್ಟು ಬಾಳುತ್ತದೆ ಎಂಬುದನ್ನು ಲೆಕ್ಕ ಹಾಕಬೇಕು. ಆಡಂ ಸ್ಮಿತ್ತನು 1776ರಷ್ಟು ಹಿಂದೆಯೇ ಉಪಯೋಗದ ಮೌಲ್ಯ ಬೇರೆ, ವಿನಿಮಯದ ಮೌಲ್ಯ ಬೇರೆ ಎಂದು ಹೇಳಿದ್ದಾನೆ. ಬಾಡಿಗೆಯ ಕಾರಿನಲ್ಲಿ ಹುಬ್ಬಳ್ಳಿಗೆ ಹೋಗಿಬರಲು ನಮಗೆ 4,000 ರೂಪಾಯಿ ಬೀಳುತ್ತಿತ್ತು, ವರ್ಷಕ್ಕೆ 48,000. ಸ್ವಂತ ಕಾರಾದರೆ ಹೋಗಿಬರುವ ಸುಮಾರು 240 ಕಿಲೋಮೀಟರಿಗೆ 15 ಲೀಟರ್ ಪೆಟ್ರೋಲು, ಅಂದರೆ ಸುಮಾರು 1,500 ರೂಪಾಯಿ, ವರ್ಷಕ್ಕೆ 18,000. ವಿಮೆಗೆ 3,000, ದುರಸ್ತಿಗೆ 10,000 ಎಂದು ಹಿಡಿದರೆ ಒಟ್ಟು 31,000. ಉಳಿತಾಯ ವರ್ಷಕ್ಕೆ 17,000. ಐದು ವರ್ಷಕ್ಕೆ 85,000. ಕೊನೆಗೆ ಮಾರಿದರೆ 25,000 ಬರಬಹುದು. ನಡುವೆ ನೋಂದಣಿಯ ನವೀಕರಣಕ್ಕೂ ಅದರ ಸಿದ್ಧತೆಗೂ 10,000 ಹೋಗಬಹುದು. ಹೀಗೆ ನಮ್ಮ ಪಾಲಿಗೆ ಅದರ ಬೆಲೆ 1,00,000. ಇದು ನಾವು ದಾಟಬಾರದ ಗೆರೆ. ಆದರೆ ಇದೇ ಕೊಡತಕ್ಕ ಬೆಲೆಯಲ್ಲ. ಚಿಕ್ಕಪ್ಪನ ತಪ್ಪು ಇಲ್ಲಿಯೇ ಇತ್ತು. ತನ್ನ ಗರಜು ಎಷ್ಟೋ ಅಷ್ಟೇ ಕಾರಿನ ಬೆಲೆ ಎಂದು ಅವರು ತಿಳಿದರು. ಗರಜನ್ನು ಮಾರುವವನ ಮುಂದೆ ಆಡಬಾರದು.

ಎರಡನೆಯದಾಗಿ, ಪೇಟೆಯ ಬೆಲೆ. ನಾವು ಆರಿಸಿಕೊಂಡದ್ದು ಮಾರುತಿ 800. 1983ರ ಡಿಸೆಂಬರಿನಲ್ಲಿ ಹೊರಬಂದ ಈ 796 ಸಿ.ಸಿ.ಯ ಚಿಕ್ಕ ಕಾರನ್ನು 2010ರಲ್ಲಿ ದೊಡ್ಡ ನಗರಗಳಲ್ಲಿ ಮಾರುವದನ್ನು ನಿಲ್ಲಿಸಿದರು. ನಮ್ಮಂಥ ಊರುಗಳಲ್ಲಿ ಮಾರಾಟ ಮುಂದುವರಿದು, 2014ರ ಜನವರಿಯಲ್ಲಿ ತಯಾರಿಕೆಯೇ ನಿಂತಿತು. ನಿಂತುಹೋದ ಕಾರಾದರೂ ಇದರ ರಿಪೇರಿ ಬಲ್ಲ ಮೇಸ್ತ್ರಿಗಳು ಊರೂರಿಗೂ ಇದ್ದಾರೆ. ಹಳೆಯ ಕಾರಿನ ಬೆಲೆಯಲ್ಲಿ ಇದೂ ಒಂದು ಅಂಶ. ಬಿಡಿಭಾಗ ಸಿಗದ ದೊಡ್ಡ ಕಾರು ಅಗ್ಗಕ್ಕೆ ಸಿಕ್ಕರೂ ತುಟ್ಟಿಯೇ ಸರಿ. ಇನ್ನು ವಿಮಾ ಕಂಪನಿಗಳ ಕೋಷ್ಟಕದಲ್ಲಿ ಆರು ತಿಂಗಳೊಳಗಿನ ಕಾರಿಗೆ ನೂರಕ್ಕೆ 5, ಒಂದು ವರ್ಷದೊಳಗೆ 15, ಎರಡರೊಳಗೆ 20, ಮೂರರೊಳಗೆ 30, ನಾಲ್ಕರೊಳಗೆ 40, ಐದರೊಳಗೆ 50 ಎಂದು ಸವಕಳಿ ಕಳೆಯುತ್ತಾರೆ. ಐದು ದಾಟಿದ ಮೇಲೆ ಕೋಷ್ಟಕವಿಲ್ಲ. ಇಬ್ಬರೂ ಒಪ್ಪಿದ್ದೇ ಬೆಲೆ. ಆದುದರಿಂದ ಹಳೆಯ ಕಾರಿಗೆ ನಾವೇ ವಿಚಾರಿಸಬೇಕು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಕೇಳಿದ ಬೆಲೆ ಬೇರೆ, ಮಾರಿದ ಬೆಲೆ ಬೇರೆ. ಕೊಪ್ಪಳ, ಗಂಗಾವತಿ, ಕುಷ್ಟಗಿಗಳಲ್ಲಿ ಅದೇ ವಯಸ್ಸಿನ ಕಾರುಗಳಿಗೆ ಜನರು 75,000ದಿಂದ 1,10,000ದವರೆಗೆ ಕೇಳುತ್ತಿದ್ದರು. ನಾನು ಆ ಅಂಕಿಗಳನ್ನು ಬದಿಗಿಟ್ಟು, ನಿಜವಾಗಿ ಮಾರಾಟವಾದ ಮೂರು ಕಾರುಗಳ ಬೆಲೆಯನ್ನು ಕೊಂಡವರಿಂದಲೇ ಕೇಳಿ ತಿಳಿದೆನು: 78,000, 82,000, 86,000. ಸರಾಸರಿ 82,000. ಇದು ನಮ್ಮ ಲೆಕ್ಕದ ಅಡಿಗಲ್ಲಾಯಿತು.

ಮೂರನೆಯದು, ಕಾರಿನ ಪರೀಕ್ಷೆ. ಯಲಬುರ್ಗಾದಲ್ಲಿ ನಿವೃತ್ತ ಶಿಕ್ಷಕರೊಬ್ಬರು 2010ರಲ್ಲಿ ಕೊಂಡ, ಕೆಎ-37 ಸಂಖ್ಯೆಯ ಕಾರು ಮಾರಲಿದೆ ಎಂದು ತಿಳಿದು, ನಮಗೆ ಗೊತ್ತಿದ್ದ ಒಬ್ಬ ಮೇಸ್ತ್ರಿಯನ್ನು ಕರೆದುಕೊಂಡು ಹೋದೆವು. ಮೇಸ್ತ್ರಿಯ ಕೂಲಿಯನ್ನು ನಾವೇ ಕೊಡಬೇಕು. ಮಾರುವವನ ಮೇಸ್ತ್ರಿಯ ಮಾತು ಮಾರುವವನ ಮಾತೇ ಆಗುವದು. ಹೋಗುವ ಮುಂಚೆ ಇಂಜಿನ್ ಚಾಲೂ ಮಾಡಬಾರದೆಂದು ಹೇಳಿ ಕಳಿಸಿದ್ದೆವು. ತಣ್ಣಗಿರುವ ಇಂಜಿನ್ ಸುಳ್ಳು ಹೇಳುವದಿಲ್ಲ. ಚಾಲೂ ಮಾಡಿದಾಗ ಹೊಗೆ ನೀಲಿಯಾಗಿದ್ದರೆ ಇಂಜಿನ್ ಆಯಿಲು ಉರಿಯುತ್ತಿದೆ; ಕಪ್ಪಾಗಿದ್ದರೆ ಪೆಟ್ರೋಲು ಸರಿಯಾಗಿ ಉರಿಯುತ್ತಿಲ್ಲ; ಬಿಳಿಯ ಹೊಗೆ ಬಿಡದೆ ಬಂದರೆ ಒಳಗೆ ನೀರು ಸೇರುತ್ತಿದೆ. ಆಯಿಲಿನ ಮುಚ್ಚಳದ ಒಳಬದಿಯಲ್ಲಿ ಹಾಲಿನಂಥ ನೊರೆ ಕಂಡರೆ ಅದೂ ಇದೇ ರೋಗದ ಲಕ್ಷಣವಿರಬಹುದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. ಮೊದಲಿನ ಎರಡು ತಯಾರಾದ ವಾರವನ್ನೂ ಕಡೆಯ ಎರಡು ವರ್ಷವನ್ನೂ ತಿಳಿಸುತ್ತವೆ. ಇದು ಎತ್ತಿನ ಹಲ್ಲಿದ್ದಂತೆ. ಮೀಟರಿನಲ್ಲಿ ಕಿಲೋಮೀಟರು ಕಡಿಮೆ ಇದ್ದು ಬ್ರೇಕಿನ ಪೆಡಲಿನ ರಬ್ಬರು ಮಾತ್ರ ನುಣ್ಣಗೆ ಸವೆದಿದ್ದರೆ ಮೀಟರನ್ನು ನಂಬಬಾರದು. ಗಂಗಾವತಿಯ ಕಡೆಯ ಕಾರಾದರೆ ಗದ್ದೆಯ ದಾರಿಯ ಕೆಸರಿನಿಂದ ತಳಕ್ಕೆ ತುಕ್ಕು ಹಿಡಿದಿದೆಯೇ ಎಂದು ಅಡಿಗೆ ಹೋಗಿ ನೋಡಬೇಕು. ಯಲಬುರ್ಗಾ, ಕುಷ್ಟಗಿಗಳ ಕಡೆಯದಾದರೆ ಧೂಳು ನುಂಗಿದ ಗಾಳಿ ಶೋಧಕವನ್ನು ಬಿಚ್ಚಿಸಿ ನೋಡಬೇಕು.

ಈ ಪರೀಕ್ಷೆಯಿಂದ ಎರಡು ಟೈರು, ಬ್ಯಾಟರಿ, ಬ್ರೇಕು ಮತ್ತು ಬುಶ್ಶುಗಳ ಸಲುವಾಗಿ 12,500 ಖರ್ಚು ಇದೆಯೆಂದು ಗೊತ್ತಾಯಿತು. ಅದಷ್ಟನ್ನೂ ಕಳೆಯಬೇಕೆಂದು ನಾನು ಹೇಳಿದೆ. ಮೇಸ್ತ್ರಿ ನಕ್ಕು, “ಆ ಮೂರು ಕಾರುಗಳ ಟೈರೇನು ಹೊಸವಿದ್ದವೇ?” ಎಂದ. ಮಾತು ನಿಜ. ಸರಾಸರಿ ಬೆಲೆಯಲ್ಲಿ ಸರಾಸರಿ ಸವಕಳಿ ಸೇರಿಯೇ ಇರುತ್ತದೆ; ಅದಕ್ಕಿಂತ ಹೆಚ್ಚು ಕೆಟ್ಟದ್ದನ್ನು ಮಾತ್ರ ಕಳೆಯುವದು ನ್ಯಾಯ. ಆದುದರಿಂದ 8,000 ಕಳೆದೆವು. ಒಬ್ಬನೇ ಒಡೆಯ, ಸರ್ವಿಸಿನ ಚೀಟಿಗಳೆಲ್ಲ ಇದ್ದವು. ಅದಕ್ಕೆ 4,000 ಕೂಡಿಸಿದೆವು. ಬೆಲೆ 78,000ಕ್ಕೆ ನಿಂತಿತು.

ನಾಲ್ಕನೆಯದು, ಕಾಗದಪತ್ರ. ಖಾಸಗಿ ಕಾರಿನ ನೋಂದಣಿ 15 ವರ್ಷದವರೆಗೆ. ಅದು ತೀರಿದ ಕೂಡಲೆ ಕಾರು ಗುಜರಿಗೆ ಹೋಗಲೇಬೇಕೆಂಬ ಮಾತು ನಮ್ಮ ಹಳ್ಳಿಗಳಲ್ಲಿ ಹಬ್ಬಿದೆ; ಕೆಲವರು ಇದನ್ನೇ ಹೇಳಿ ಬಡವರ ಕಾರನ್ನು ಅಗ್ಗಕ್ಕೆ ಕಸಿಯುತ್ತಾರೆ. ವಯಸ್ಸಿನ ಮೇಲಿನ ಅಂಥ ನಿರ್ಬಂಧದ ಆಜ್ಞೆಗಳು ಹುಟ್ಟಿದ್ದು ದಿಲ್ಲಿಯ ಪ್ರದೇಶಕ್ಕಾಗಿ. ನಮ್ಮಲ್ಲಿ ಪರೀಕ್ಷೆಯಲ್ಲಿ ತೇರ್ಗಡೆಯಾದ ಕಾರಿಗೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಿ ಕೊಡುತ್ತಾರೆ. 2022ರ ಏಪ್ರಿಲಿನಿಂದ ಇದರ ಶುಲ್ಕ 600ರಿಂದ 5,000ಕ್ಕೆ ಏರಿತು; 20 ವರ್ಷ ಮೀರಿದ ಕಾರುಗಳಿಗೆ 2025ರಲ್ಲಿ 10,000 ಆಯಿತು. ಇದರ ಸಂಗಡ ಹಸಿರು ತೆರಿಗೆಯೂ ಉಂಟು. ದಿಲ್ಲಿಯ ಕಡೆಯಿಂದ ಅಗ್ಗದ ಕಾರು ತರುವವರು ಇಲ್ಲಿ ಮತ್ತೆ ತೆರಿಗೆ ಕಟ್ಟಿ ಹೊಸದಾಗಿ ಸಂಖ್ಯೆ ಪಡೆಯಬೇಕೆಂಬುದನ್ನು ಬೆಲೆಯಲ್ಲಿ ಸೇರಿಸಿ ನೋಡಬೇಕು.

ಕಾರಿನ ಮೇಲೆ ಬ್ಯಾಂಕಿನ ಸಾಲವಿದ್ದರೆ ಅದು ತೀರಿದ ಪತ್ರ ಬೇಕು. 29 ಮತ್ತು 30ನೆಯ ನಮೂನೆಗಳಿಗೆ ಸಹಿ ಆಗಬೇಕು. ಒಂದೇ ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳೊಳಗೆ ತಿಳಿಸಬೇಕು. ಕೊಂಡವನು 30 ದಿನಗಳೊಳಗೆ ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ಇದು ಬರೀ ಶಾಸ್ತ್ರವಲ್ಲ. ಕಾರು ಕೈಬದಲಾದರೂ ನೋಂದಣಿಯಲ್ಲಿ ಹೆಸರಿರುವವನೇ ಅಪಘಾತದ ಪರಿಹಾರಕ್ಕೆ ಹೊಣೆಗಾರನೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ನವೀನ ಕುಮಾರ ವಿರುದ್ಧ ವಿಜಯ ಕುಮಾರ ಎಂಬ ಮೊಕದ್ದಮೆಯಲ್ಲಿ ಹೇಳಿದೆ. ಕಾಗದ ಸರಿಯಿಲ್ಲದ ಕಾರಿಗೆ ಯಾವ ಬೆಲೆಯೂ ನ್ಯಾಯವಾದ ಬೆಲೆಯಲ್ಲ.

ಇನ್ನು ಮಾತುಕತೆಗೆ ಬರೋಣ. ಶಿಕ್ಷಕರು 1,10,000 ಎಂದು ಆರಂಭಿಸಿದರು. ನಾನು ನನ್ನ ಲೆಕ್ಕದ ಹಾಳೆಯನ್ನು ಅವರ ಮುಂದಿಟ್ಟೆನು. ಅವರು ಕನ್ನಡಕ ಹಾಕಿಕೊಂಡು, ಮಕ್ಕಳ ಉತ್ತರ ಪತ್ರಿಕೆ ನೋಡುವಂತೆ ಸಾಲುಸಾಲಾಗಿ ಓದಿ 80,000ಕ್ಕೆ ಇಳಿದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಮ್ಮ ಪಟ್ಟಿಯಲ್ಲಿ ಒಂದು ಬಿಟ್ಟಿದೆ. ಹೋದ ಬೇಸಿಗೆಯಲ್ಲಿ ಕುಷ್ಟಗಿಯ ದಾರಿಯಲ್ಲಿ ಇಂಜಿನ್ ಕಾದು ನಿಂತಿತ್ತು. ರೇಡಿಯೇಟರು ಸೋರುತ್ತದೆ, ಸದ್ಯ ತಾತ್ಪೂರ್ತಿಕ ಮಾಡಿಸಿದ್ದೇನೆ” ಎಂದರು. ನಮ್ಮ ಮೇಸ್ತ್ರಿಗೂ ಅದು ಕಂಡಿರಲಿಲ್ಲ. ಅವನು ಮತ್ತೆ ನೋಡಿ 3,500 ಖರ್ಚೆಂದ. 78,000ದಲ್ಲಿ ಅದನ್ನು ಕಳೆದರೆ 74,500. ತಂದೆಯವರು 76,000 ಎಣಿಸಿ ಕೊಟ್ಟರು.

ದಾರಿಯಲ್ಲಿ ನಾನು, “ಲೆಕ್ಕಕ್ಕಿಂತ ಒಂದೂವರೆ ಸಾವಿರ ಹೆಚ್ಚಾಯಿತಲ್ಲ!” ಎಂದೆ. “ಅವರು ಬಾಯಿಬಿಡದಿದ್ದರೆ ಮೂರೂವರೆ ಸಾವಿರ ಹೋಗುತ್ತಿತ್ತು. ನಿನ್ನ ತಾಯಿ ಒಳಗಿದ್ದಾಗ ನಡುದಾರಿಯಲ್ಲಿ ಇಂಜಿನ್ ಕಾದಿದ್ದರೆ ಅದರ ಬೆಲೆ ಎಷ್ಟು ಬರೆಯುತ್ತಿದ್ದಿ?” ಎಂದು ತಂದೆಯವರು ಕೇಳಿದರು. ನನ್ನ ಹಾಳೆಯಲ್ಲಿ ಅದಕ್ಕೆ ಸಾಲಿರಲಿಲ್ಲ.

ನ್ಯಾಯವಾದ ಬೆಲೆಗೆ ಕೊಂಡ ಕಾರು ಕೆಡುವದೇ ಇಲ್ಲವೆಂದು ವಾಚಕರು ತಿಳಿಯಬಾರದು. 2024ರಲ್ಲಿ ಕ್ಲಚ್ಚು ಹೋಗಿ ಹಣ ಸುರಿಯಬೇಕಾಯಿತು. ಆದರೆ ವರ್ಷಕ್ಕೆ 10,000 ದುರಸ್ತಿಗೆಂದು ಎತ್ತಿಟ್ಟಿದ್ದರಿಂದ ಸಾಲ ಮಾಡಲಿಲ್ಲ. 2025ರಲ್ಲಿ 15 ವರ್ಷ ತುಂಬಿದಾಗ ಪರೀಕ್ಷೆಗೆ ಒಯ್ದು ನವೀಕರಣವನ್ನೂ ಮಾಡಿಸಿದೆವು. ತಾಯಿಯವರ ಹುಬ್ಬಳ್ಳಿಯ ಪ್ರಯಾಣ ಒಮ್ಮೆಯೂ ತಪ್ಪಿಲ್ಲ.

ಕಾರಿನ ಮುಂಬದಿಯ ಪೆಟ್ಟಿಗೆಯಲ್ಲಿ ತಂದೆಯವರು ಒಂದು ನೋಟುಬುಕ್ಕು ಇಟ್ಟಿದ್ದಾರೆ. ಯಾವ ದಿನ ಏನು ಕೆಟ್ಟಿತು, ಎಷ್ಟು ಖರ್ಚಾಯಿತು ಎಂದು ಅದರಲ್ಲಿ ಬರೆಯುತ್ತಾರೆ. ಮೊದಲನೆಯ ಪುಟದ ಮೊದಲನೆಯ ಸಾಲು ರೇಡಿಯೇಟರಿನದು. ಮುಂದೆ ನಮ್ಮ ಹತ್ತಿರ ಈ ಕಾರನ್ನು ಕೊಳ್ಳಲು ಬರುವವನಿಗೆ ಕೀಲಿಕೈಯ ಸಂಗಡ ಆ ಪುಸ್ತಕವನ್ನೂ ಕೊಡಬೇಕೆಂಬುದು ಅವರ ಇಚ್ಛೆ. ಬೆಲೆಯ ಮಾತು ಅವನು ಅದನ್ನು ಓದಿದ ಮೇಲೆ.