ಒಳಗಿನ ಕಾವಲು

ಕ್ಯಾನ್ಸರ್ ಎಂಬ ರೋಗಕ್ಕೆ ಆ ಹೆಸರು ಬಂದದ್ದು ಏಡಿಯಿಂದ. ಗಡ್ಡೆಯ ಸುತ್ತ ಉಬ್ಬಿ ಹರಡಿದ ರಕ್ತನಾಳಗಳು ಪ್ರಾಚೀನ ಗ್ರೀಕ್ ವೈದ್ಯರ ಕಣ್ಣಿಗೆ ಏಡಿಯ ಕಾಲುಗಳಂತೆ ತೋರಿದುವಂತೆ. ಸುಶ್ರುತಸಂಹಿತೆಯಲ್ಲಿ ಗಡ್ಡೆಗೆ ಅರ್ಬುದವೆಂದು ಹೆಸರು. ಕನ್ನಡದಲ್ಲಿ ಏಡಿಗಂತಿ ಎಂಬ ಮಾತೂ ಹುಟ್ಟಿಕೊಂಡಿದೆ. ನಾನು ಕನ್ನಡ ಪಾಠ ಹೇಳುವವನೇ ಹೊರತು ವೈದ್ಯನಲ್ಲ. ಆದುದರಿಂದಲೇ ಏನೋ, ಈ ರೋಗದ ವಿಷಯವಾಗಿ ಈಚೆಗೆ ಬೆಳಕಿಗೆ ಬಂದ ಸಂಗತಿಗಳನ್ನು ಓದುವಾಗ ನನ್ನ ಮನಸ್ಸು ಮೊದಲು ಒಂದು ಪದದ ಮೇಲೆ ನಿಂತಿತು. ಆ ಪದ ವ್ಯಾಯಾಮ. ಅದರ ಮೂಲದಲ್ಲಿರುವ ‘ಯಮ್’ ಧಾತುವಿಗೆ ಹಿಡಿದು ನಿಲ್ಲಿಸುವುದು ಎಂಬ ಅರ್ಥವುಂಟು. ಉಪಸರ್ಗಗಳು ಸೇರಿದಾಗ ಚಾಚುವುದು, ನೀಳಮಾಡುವುದು ಎಂಬ ಅರ್ಥ ಬರುತ್ತದೆ. ಮೈಯನ್ನು ಚಾಚುವ ಕೆಲಸವೇ ಮೈಯೊಳಗಿನ ಶತ್ರುವನ್ನು ಹಿಡಿದು ನಿಲ್ಲಿಸುವ ಕೆಲಸವೂ ಆಗಬಹುದೇ? ಇಂದಿನ ವಿಜ್ಞಾನ ಕೇಳುತ್ತಿರುವ ಪ್ರಶ್ನೆಯೂ ಇದೇ.

ನಮ್ಮ ದೇಹದಲ್ಲಿ ಜೀವಕೋಶಗಳು ಎಡೆಬಿಡದೆ ಒಡೆದು ಇಮ್ಮಡಿಸುತ್ತಿರುತ್ತವೆ. ಹಾಗೆ ಒಡೆಯುವಾಗ ಕೆಲವು ದಾರಿತಪ್ಪುವುದುಂಟು. ದಾರಿತಪ್ಪಿದ್ದೆಲ್ಲವೂ ಕ್ಯಾನ್ಸರ್ ಆಗದಂತೆ ನೋಡಿಕೊಳ್ಳುವ ಕಾವಲುಗಾರರಲ್ಲಿ ಒಂದು ಬಗೆಯ ಬಿಳಿ ರಕ್ತಕಣಗಳೂ ಸೇರಿವೆ. 1975ರಲ್ಲಿ ಗುರುತಿಸಲ್ಪಟ್ಟ ಇವನ್ನು ಸಹಜ ಹಂತಕ ಕಣಗಳೆನ್ನಬಹುದು. ಮೊದಲೇ ಪರಿಚಯವಿಲ್ಲದ ಶತ್ರುವನ್ನೂ ಕಂಡೊಡನೆ ಕೊಲ್ಲಬಲ್ಲ ಶಕ್ತಿ ಇವಕ್ಕಿದೆ. ಆದರೆ ಕಾವಲುಗಾರನು ಎಷ್ಟೇ ಬಲಶಾಲಿಯಾಗಿರಲಿ, ಕಳ್ಳನಿರುವ ಮನೆಗೆ ಹೋಗದಿದ್ದರೆ ಪ್ರಯೋಜನವೇನು? ಇವನ್ನು ಎಬ್ಬಿಸಿ ಕಳುಹಿಸುವವರು ಯಾರು?

ಇದಕ್ಕೊಂದು ಉತ್ತರ 2016ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಪ್ರಯೋಗಶಾಲೆಯಿಂದ ಬಂತು. ಪರ್ನಿಲೆ ಹೋಯ್‌ಮನ್ ಮತ್ತು ಸಂಗಡಿಗರು ಕೆಲವು ಇಲಿಗಳ ಗೂಡಿನಲ್ಲಿ ತಿರುಗುವ ಚಕ್ರಗಳನ್ನಿಟ್ಟರು. ಓಡೆಂದು ಬಲವಂತಪಡಿಸಲಿಲ್ಲ, ಇಲಿಗಳು ತಾವಾಗಿಯೇ ಓಡಿದುವು. ಹೀಗೆ ಓಡಿದ ಇಲಿಗಳಲ್ಲಿ ಗಡ್ಡೆಗಳ ಹುಟ್ಟು ಮತ್ತು ಬೆಳವಣಿಗೆ ನೂರಕ್ಕೆ ಅರವತ್ತಕ್ಕಿಂತ ಹೆಚ್ಚು ಕಡಮೆಯಾಗಿತ್ತು. ಓಟದ ಶ್ರಮದಿಂದ ಅಡ್ರಿನಲಿನ್ ಎಂಬ ರಸ ರಕ್ತಕ್ಕೆ ಸ್ರವಿಸುತ್ತದೆ. ಅದು ಹಂತಕ ಕಣಗಳನ್ನು ಎಬ್ಬಿಸಿ ರಕ್ತಪ್ರವಾಹಕ್ಕೆ ಹೊರಡಿಸುತ್ತದೆ. ದುಡಿಯುವ ಸ್ನಾಯುವಿನಿಂದ ಹೊರಡುವ ಇಂಟರ್‌ಲ್ಯೂಕಿನ್-6 ಎಂಬ ಇನ್ನೊಂದು ದ್ರವ್ಯ ಅವಕ್ಕೆ ಗಡ್ಡೆಯ ದಾರಿ ತೋರುತ್ತದೆ. ಅಡ್ರಿನಲಿನ್ನಿನ ಪ್ರಭಾವವನ್ನು ಔಷಧದಿಂದ ತಡೆದಾಗ ಓಟದ ಫಲವೂ ಕುಂದಿತು. ಹಂತಕ ಕಣಗಳನ್ನೇ ಇಲ್ಲವಾಗಿಸಿದಾಗಲೂ ಹಾಗೆಯೇ ಆಯಿತು. ಅಂದಮೇಲೆ ಸ್ನಾಯುವೆಂಬುದು ಭಾರ ಎತ್ತುವ ಹಗ್ಗ ಮಾತ್ರವಲ್ಲ, ಊರಿನ ಕಾವಲಿಗೆ ಕೂಗು ಹಾಕುವ ತಳವಾರನೂ ಹೌದು.

ಆದರೆ ಇಲಿಯ ಸಾಕ್ಷ್ಯ ಇಲಿಯ ಮಟ್ಟಿಗೆ. ಮನುಷ್ಯರ ವಿಷಯದಲ್ಲಿ ಹೆಚ್ಚು ನಡೆದಾಡುವವರಿಗೆ ಕೆಲವು ಬಗೆಯ ಕ್ಯಾನ್ಸರ್ ಕಡಮೆಯೆಂಬುದು ಬಹುಕಾಲದಿಂದ ತಿಳಿದಿತ್ತು. ಆದರೂ ಆರೋಗ್ಯವಾಗಿರುವುದರಿಂದ ನಡೆಯುತ್ತಾರೋ, ನಡೆಯುವುದರಿಂದ ಆರೋಗ್ಯವಾಗಿರುತ್ತಾರೋ ಎಂಬ ಸಂಶಯ ಉಳಿದೇ ಇತ್ತು. ಆ ಸಂಶಯವನ್ನು ಬಗೆಹರಿಸಲೆಂದು ಕೆನಡಾ ಮತ್ತು ಆಸ್ಟ್ರೇಲಿಯದ ಸಂಶೋಧಕರು 2009ರಲ್ಲಿ ಒಂದು ದೀರ್ಘ ಪರೀಕ್ಷೆಗೆ ತೊಡಗಿದರು. ದೊಡ್ಡ ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯನ್ನೂ ಔಷಧಚಿಕಿತ್ಸೆಯನ್ನೂ ಮುಗಿಸಿದ್ದ 889 ಮಂದಿಯನ್ನು, ಚೀಟಿ ಎತ್ತಿದಂತೆ, ಎರಡು ಗುಂಪಾಗಿ ವಿಂಗಡಿಸಿದರು. ಒಂದು ಗುಂಪಿಗೆ ಆರೋಗ್ಯದ ತಿಳಿವಳಿಕೆ ಹೇಳುವ ಪುಸ್ತಿಕೆ ದೊರೆಯಿತು. ಇನ್ನೊಂದಕ್ಕೆ ಪುಸ್ತಿಕೆಯ ಜೊತೆಗೆ ಮೂರು ವರ್ಷಗಳ ವ್ಯಾಯಾಮದ ಕ್ರಮವೂ, ಹುರಿದುಂಬಿಸಿ ನಡೆಸುವ ಮಾರ್ಗದರ್ಶಕರೂ ದೊರೆತರು. ವ್ಯಾಯಾಮವೆಂದರೆ ಕುಸ್ತಿಯಲ್ಲ; ವಾರಕ್ಕೆ ಮೂರು ನಾಲ್ಕು ದಿನ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ ಚುರುಕಾಗಿ ನಡೆದರೆ ಆಗುವಷ್ಟು ಶ್ರಮ.

2025ರ ಜೂನ್ ತಿಂಗಳಲ್ಲಿ ಫಲಿತಾಂಶ ಪ್ರಕಟವಾಯಿತು. ಐದು ವರ್ಷಗಳ ಕೊನೆಗೆ ರೋಗವಿಲ್ಲದೆ ಬದುಕಿದ್ದವರು ಪುಸ್ತಿಕೆಯ ಗುಂಪಿನಲ್ಲಿ ನೂರಕ್ಕೆ 73.9, ವ್ಯಾಯಾಮದ ಗುಂಪಿನಲ್ಲಿ 80.3. ಎಂಟು ವರ್ಷಗಳ ಕೊನೆಗೆ ಜೀವಂತವಾಗಿದ್ದವರು ಕ್ರಮವಾಗಿ 83.2 ಮತ್ತು 90.3. ನೂರು ಮಂದಿಯಲ್ಲಿ ಏಳು ಜೀವ! ಅಂಕಿ ಸಣ್ಣದೆನ್ನುವವರು ಆ ಏಳು ಮನೆಗಳ ದೀಪವನ್ನು ನೆನೆಯಬೇಕು. ವ್ಯಾಯಾಮ ಮಾಡಿದವರಲ್ಲಿ ಕೀಲು ಸ್ನಾಯುಗಳ ನೋವು ತುಸು ಹೆಚ್ಚಾಗಿ ಕಂಡುದೂ ನಿಜ. ಯಾವ ಮದ್ದಿಗೂ ಅದರದೇ ಆದ ಪಥ್ಯವುಂಟು.

ಇದರಿಂದ ಎರಡು ತಪ್ಪು ತೀರ್ಮಾನಗಳು ಹುಟ್ಟಬಾರದು. ನಡೆದರೆ ಸಾಕು, ಶಸ್ತ್ರಚಿಕಿತ್ಸೆ ಬೇಡ ಎಂಬುದು ಮೊದಲನೆಯದು. ಆ 889 ಮಂದಿಯೂ ಚಿಕಿತ್ಸೆ ಪಡೆದೇ ಬಂದವರು. ನಡಿಗೆ ಚಿಕಿತ್ಸೆಯ ಸಂಗಾತಿ, ಸವತಿಯಲ್ಲ. ಎರಡನೆಯದು ಇನ್ನೂ ಕ್ರೂರವಾದದ್ದು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆಯನ್ನು ರೋಗಿಯ ಹಾಸಿಗೆಯ ಬಳಿ ಹೇಳಿ, ನೀನು ಮೈಬಗ್ಗಿಸಲಿಲ್ಲ, ಅದಕ್ಕೇ ಹೀಗಾಯಿತು ಎಂದು ನೊಂದವರ ಮೇಲೆ ಹೊರೆ ಹೊರಿಸುವುದು. ದಿನವೂ ನಡೆಯುವವರಿಗೂ ಈ ರೋಗ ಬರುತ್ತದೆ. ವ್ಯಾಯಾಮವು ಅಪಾಯವನ್ನು ಕುಗ್ಗಿಸುತ್ತದೆ, ಅಳಿಸಿಹಾಕುವುದಿಲ್ಲ.

ಪುಸ್ತಕವನ್ನೇ ನಂಬಿ ಬದುಕುವ ನಮ್ಮಂಥ ಅಧ್ಯಾಪಕರಿಗೆ ಈ ಪರೀಕ್ಷೆಯಲ್ಲಿ ಒಂದು ಪಾಠವಿದೆ. ನಡೆಯಿರಿ ಎಂಬ ಹಿತವಚನ ಎರಡು ಗುಂಪಿಗೂ ಅಚ್ಚಿನಲ್ಲಿ ಸಿಕ್ಕಿತ್ತು. ವ್ಯತ್ಯಾಸವಾದದ್ದು ಜೊತೆಗೆ ನಿಂತ ಮನುಷ್ಯನಿಂದ, ಮತ್ತೆ ಮತ್ತೆ ವಿಚಾರಿಸಿದ ದನಿಯಿಂದ. ಚಿಕಿತ್ಸೆಯಿಂದ ಬಳಲಿ ಮನೆಗೆ ಬಂದವರಿಗೆ ನಾವು ಹಣ್ಣು ಕೊಡುತ್ತೇವೆ, ಧೈರ್ಯ ಹೇಳುತ್ತೇವೆ, ಕದಲದೆ ಮಲಗಿರಿ ಎನ್ನುತ್ತೇವೆ. ಇನ್ನು ಮುಂದೆ, ವೈದ್ಯರ ಅನುಮತಿ ದೊರೆತ ಮೇಲೆ, ಚಪ್ಪಲಿ ಮೆಟ್ಟಿಕೊಳ್ಳಿ, ನಾನೂ ಬರುತ್ತೇನೆ ಎನ್ನುವುದನ್ನು ಕಲಿಯಬೇಕು.