ಮಲ್ಪೆಯ ಹಂಚು ಮತ್ತು ಉಗಿಯಂತ್ರ

ಉಡುಪಿಗೆ ರೈಲುಮಾರ್ಗವು ಒದಗಿದುದು 1990ರ ದಶಕದಲ್ಲಿ. ಅಷ್ಟು ಹೊತ್ತಿಗೆ ಡೀಸೆಲ್ ಎಂಜಿನುಗಳ ಕಾಲವಾದುದರಿಂದ, ಹಳಿಯ ಮೇಲೆ ಹೊಗೆಯುಗುಳಿ ಸಾಗುವ ಉಗಿಬಂಡಿಯ ವೈಭವವು ಈ ಊರಿನ ಭಾಗಕ್ಕೆ ಬರಲೇ ಇಲ್ಲ. ಆದರೆ ಉಗಿಯ ಶಕ್ತಿಯು ಅದಕ್ಕೂ ಬಹು ಮುಂಚೆಯೇ ಈ ಕರಾವಳಿಯಲ್ಲಿ ಮಣ್ಣಿನ ಕೆಲಸಕ್ಕೆ ನಿಂತಿದ್ದಿತು.

ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಅವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ, ಇಬ್ಬರು ಆಳುಗಳನ್ನೂ ಒಂದು ಜೋಡಿ ಎತ್ತುಗಳನ್ನೂ ಕಟ್ಟಿಕೊಂಡು ಆರಂಭಿಸಿದ ಹಂಚಿನ ಉದ್ಯಮವು 1886ರಲ್ಲಿ ಮಲ್ಪೆಗೂ ಹಬ್ಬಿತು. ಜೇಡಿಮಣ್ಣನ್ನು ಹದಗೊಳಿಸುವ, ಎತ್ತುಗಳನ್ನು ದಣಿಸುತ್ತಿದ್ದ ಕಾರ್ಯವನ್ನು ಈ ಉದ್ಯಮದಲ್ಲಿ ಕ್ರಮೇಣ ಉಗಿಯಂತ್ರವು ವಹಿಸಿಕೊಂಡಿತು; ಅಚ್ಚೊತ್ತುವ ಕೆಲಸವಾದರೋ ಬಹುಕಾಲ ಮನುಷ್ಯನ ಕೈಯಲ್ಲಿಯೇ ಉಳಿಯಿತು.

ಆ ಯಂತ್ರದ ಪೂರ್ವಜರ ರೂಪವು ಎಷ್ಟು ವಿಲಕ್ಷಣವಾಗಿದ್ದಿತೆಂಬುದನ್ನು ಇಲ್ಲಿ ಹೇಳಲೇಬೇಕು. 1712ರಲ್ಲಿ ಇಂಗ್ಲೆಂಡಿನ ಥಾಮಸ್ ನ್ಯೂಕೊಮೆನ್ ಗಣಿಯ ನೀರನ್ನೆತ್ತಲು ನಿಲ್ಲಿಸಿದ ಯಂತ್ರವು ನಮ್ಮ ತೋಟಗಳ ಏತವನ್ನೇ ಹೋಲುತ್ತಿದ್ದಿತು: ನಡುವಿನ ಆಧಾರದ ಮೇಲೆ ತೂಗುವ ಮಹಾತೊಲೆ, ಒಂದು ತುದಿಗೆ ನೀರೆತ್ತುವ ಸರಳು, ಇನ್ನೊಂದು ತುದಿಗೆ ಸಿಲಿಂಡರಿನೊಳಗೆ ಏರಿಳಿಯುವ ಪಿಸ್ಟನ್. ಆಶ್ಚರ್ಯದ ಸಂಗತಿಯೆಂದರೆ ಅಲ್ಲಿ ನಿಜವಾಗಿ ದುಡಿಯುತ್ತಿದ್ದುದು ಉಗಿಯಲ್ಲ. ತಣ್ಣೀರನ್ನು ಚಿಮುಕಿಸಿ ಉಗಿಯನ್ನು ದ್ರವವಾಗಿಸಿದಾಗ ಸಿಲಿಂಡರಿನಲ್ಲಿ ಉಂಟಾಗುತ್ತಿದ್ದ ಶೂನ್ಯದೆಡೆಗೆ ಪಿಸ್ಟನ್ನನ್ನು ಒತ್ತುತ್ತಿದ್ದುದು ಹೊರಗಿನ ವಾಯುಭಾರ. ಸಿಲಿಂಡರು ಪ್ರತಿ ಸಲವೂ ಕಾದು ತಣಿಯುತ್ತಿದ್ದುದರಿಂದ ಇಂಧನವು ಅಪಾರವಾಗಿ ವ್ಯಯವಾಗುತ್ತಿರಲು, ಜೇಮ್ಸ್ ವಾಟ್ 1769ರ ಪೇಟೆಂಟಿನಲ್ಲಿ ಉಗಿಯನ್ನು ತಣಿಸುವುದಕ್ಕೆ ಬೇರೆಯೇ ಪಾತ್ರೆಯನ್ನು ಕಲ್ಪಿಸಿದನು. ತೊಲೆಯ ತೂಗಾಟದಿಂದ ಗಾಲಿಯನ್ನು ತಿರುಗಿಸಲು ಸಹಜವಾದ ಕ್ರ್ಯಾಂಕಿನ ಹಕ್ಕು ಅನ್ಯರದಾಗಿದ್ದುದರಿಂದ, ಒಂದು ಹಲ್ಲುಚಕ್ರದ ಸುತ್ತ ಮತ್ತೊಂದು ಪರಿಭ್ರಮಿಸುವ ಸೂರ್ಯ-ಗ್ರಹ ಚಕ್ರಗಳನ್ನು 1781ರಲ್ಲಿ ಹೊರತಂದನು. ನಿರ್ಬಂಧದಿಂದಲೇ ಹುಟ್ಟಿದ ಇಂಥ ಚಾತುರ್ಯವು ನನ್ನ ಮಟ್ಟಿಗೆ ಕಾವ್ಯದಷ್ಟೇ ಮನೋಹರವಾದುದು. ನಮ್ಮ ಕರಾವಳಿಗೆ ಯಂತ್ರವು ಬರುವ ಹೊತ್ತಿಗೆ ಕ್ರ್ಯಾಂಕಿನ ಪೇಟೆಂಟು ಮುಗಿದು ಶತಮಾನವೇ ಸಮೀಪಿಸಿದ್ದಿತು.

ಪ್ರಥಮ ಮಹಾಯುದ್ಧದ ತರುವಾಯ ಮಿಷನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ವಶಕ್ಕೆ ಹೋದವು. ಕಾಪುವಿನಿಂದ ಕಾರ್ಕಳದವರೆಗೆ ಮಳೆಗಾಲವನ್ನು ತಡೆದು ನಿಂತ ಕೆಂಪು ಮಾಡುಗಳು ಆ ಪರಂಪರೆಗೆ ಸಾಕ್ಷಿಯಾಗಿವೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮರಳಿ ಜೋಡಿಸಿ ಉಳಿಸಿದರು. ಆ ಬಗೆಯ ಮನೆಗಳಿಗೆ ಮಾಡು ಕೊಟ್ಟ ಯಂತ್ರಗಳಲ್ಲಿ ಒಂದಾದರೂ, ಬಾಯ್ಲರು ಸಹಿತವಾಗಿ, ಗುಜರಿಗೆ ಹೋಗದಂತೆ ನಮ್ಮ ಜಿಲ್ಲೆಯಲ್ಲಿಯೇ ಸ್ಥಾನ ಪಡೆಯಬೇಕು.